ಗೋವಾ, ಕೇರಳದ ನಡುವೆ ನಾವು: ಉಡುಪಿಗೆ ಫಾರಿನ್‌ನವರು ಯಾಕೆ ಕಡಿಮೆ? ಹೋಂಸ್ಟೇ ಮಾಡುವವರು ಯಾವ ಲೆಕ್ಕ ನೋಡಬೇಕು?

ಕಾಪು ಹೋಂಸ್ಟೇ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕಾಪು ಲೈಟ್‌ಹೌಸ್‌ನಿಂದ ಸ್ವಲ್ಪ ಒಳಗೆ, ತೆಂಗಿನ ತೋಟದಲ್ಲಿ ನಮ್ಮದೊಂದು ಹಳೇ ಮನೆ ಉಂಟು. ಮೂರು ಕೋಣೆಗಳನ್ನು ಹೋಂಸ್ಟೇಗೆ ಬಿಟ್ಟಿದ್ದೇವೆ. ನಾನು, ಹೆಂಡತಿ ಇಬ್ಬರೇ ನೋಡಿಕೊಳ್ಳುವುದು. ಬರುವವರಲ್ಲಿ ಬೆಂಗಳೂರಿನವರೇ ಜಾಸ್ತಿ. ಶುಕ್ರವಾರ ರಾತ್ರಿ ಬಸ್ಸು ಹತ್ತಿ ಶನಿವಾರ ಬೆಳಿಗ್ಗೆ ಇಳಿಯುತ್ತಾರೆ, ಭಾನುವಾರ ರಾತ್ರಿ ವಾಪಸ್. ಶಾಲೆಗೆ ರಜೆ ಸಿಕ್ಕಾಗ ಹುಬ್ಬಳ್ಳಿ, ದಾವಣಗೆರೆ ಕಡೆಯ ಕುಟುಂಬಗಳು. ಕೊಲ್ಲೂರಿಗೆ ಹೊರಟ ಕೇರಳದವರು ಆಗಾಗ.

ನನ್ನ ಭಾವ ಗೋವಾದ ಹೋಟೆಲುಗಳಲ್ಲಿ ಕೆಲಸ ಮಾಡಿದವನು. ಅವನದು ಒಂದೇ ಹಟ. ಬ್ಯಾಂಕಿನಲ್ಲಿ ಸಾಲ ಮಾಡಿ ಹಿತ್ತಲಲ್ಲಿ ಈಜುಕೊಳ ಕಟ್ಟು, ಕೋಣೆಗಳನ್ನು ಫಾರಿನ್‌ನವರಿಗೆ ಬೇಕಾದ ಹಾಗೆ ಮಾಡು ಅಂತ. ಸರ್ಕಾರದ ಪಟ್ಟಿ ತೋರಿಸುತ್ತಾನೆ. ಕೊರೋನಾಕ್ಕೆ ಮುಂಚೆ, 2019ರಲ್ಲಿ, ಗೋವಾಕ್ಕೆ ಬಂದ ವಿದೇಶಿಯರು 9 ಲಕ್ಷಕ್ಕೂ ಹೆಚ್ಚು. ಕೇರಳಕ್ಕೆ ಸುಮಾರು 12 ಲಕ್ಷ. ಎರಡರ ನಡುವೆ ನಾವಿದ್ದೇವೆ, ಸಮುದ್ರವೂ ಅದೇ, ಮೀನೂ ಅದೇ. ಹಾಗಾದರೆ ನಮ್ಮ ಪಾಲು ಎಲ್ಲಿ ಹೋಯಿತು ಅಂತ ಅವನ ಪ್ರಶ್ನೆ.

ಅದೇ ಪಟ್ಟಿಯಲ್ಲಿ ನಮ್ಮ ದೇಶದವರದೇ ಲೆಕ್ಕ ನೋಡಿದರೆ ಕರ್ನಾಟಕಕ್ಕೆ ಆ ವರ್ಷ 22 ಕೋಟಿಗೂ ಹೆಚ್ಚು ಭೇಟಿ. ಕೇರಳಕ್ಕೆ 2 ಕೋಟಿಯೂ ಇಲ್ಲ. ಇದು ಹೇಗೆ ಸಾಧ್ಯ ಮಾರಾಯ್ರೆ? ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲು ಈ ಅಂಕಿಗಳನ್ನು ಹೇಗೆ ಓದಬೇಕು ಅಂತ ಗೊತ್ತಿದ್ದವರು ಹೇಳಿ. ಹೆಂಡತಿಗೆ ಈಜುಕೊಳ ಬೇಡ, ಅಡುಗೆಮನೆ ದೊಡ್ಡದು ಮಾಡಬೇಕು ಅಂತ ಉಂಟು.

ಪಣಂಬೂರು ಟ್ಯಾಕ್ಸಿ:

ಅಣ್ಣ, ಫಾರಿನ್‌ನವರು ನಮ್ಮ ಕಡೆ ಬರುವುದೇ ಇಲ್ಲ ಅನ್ನಬೇಡಿ. ಬರುತ್ತಾರೆ, ರಾತ್ರಿ ನಿಲ್ಲುವುದಿಲ್ಲ ಅಷ್ಟೇ.

ನವೆಂಬರ್‌ನಿಂದ ಏಪ್ರಿಲ್ ತನಕ ನವಮಂಗಳೂರು ಬಂದರಿಗೆ ಕ್ರೂಸ್ ಹಡಗು ಬರುತ್ತದೆ. ಬೆಳಿಗ್ಗೆ ಹಡಗು ಕಟ್ಟಿದ ಮೇಲೆ ಗೇಟಿನ ಹೊರಗೆ ಬಸ್ಸುಗಳ ಸಾಲು. ಗೈಡ್ ಕೈಯಲ್ಲಿ ನಂಬರ್ ಬರೆದ ಬೋರ್ಡ್ ಎತ್ತಿ ಹಿಡಿದು ನಡೆಯುತ್ತಾನೆ, ಹಿಂದೆ ಟೋಪಿ ಹಾಕಿದ ಅಜ್ಜ ಅಜ್ಜಿಯರು. ಕುದ್ರೋಳಿ ದೇವಸ್ಥಾನ, ಕದ್ರಿ, ಅಲೋಶಿಯಸ್ ಚಾಪೆಲ್, ಗೋಡಂಬಿ ಫ್ಯಾಕ್ಟರಿ. ಇನ್ನೊಂದು ಗುಂಪು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ. ಚಾಪೆಲ್ ಒಳಗೆ ಇಟಲಿಯ ಮೊಸ್ಕೇನಿ 1900ರ ಸುಮಾರಿಗೆ ಬಿಡಿಸಿದ ಚಿತ್ರಗಳ ಕೆಳಗೆ ಕುತ್ತಿಗೆ ಎತ್ತಿ ನಿಂತರೆ ಅವರಿಗೆ ಹೊರಗೆ ಬರಲು ಮನಸ್ಸೇ ಇರುವುದಿಲ್ಲ. ಸಂಜೆಯೊಳಗೆ ಎಲ್ಲರೂ ಹಡಗಿಗೆ. ಊಟ ಅಲ್ಲೇ, ನಿದ್ದೆಯೂ ಅಲ್ಲೇ.

ಟೂರ್ ಟಿಕೆಟ್ ಹಡಗಿನ ಒಳಗೇ ಮಾರಿ ಆಗಿರುತ್ತದೆ. ಉಳಿದ ನಾಲ್ಕು ಜನ ಹೊರಗೆ ಬಂದು ಟ್ಯಾಕ್ಸಿ ಕೇಳಿದರೆ ನಮಗೆ ಕೆಲಸ. ಉಡುಪಿಗೆ ಬರುತ್ತೀರಾ ಅಂತ ಕೇಳಿದರೆ ಗಡಿಯಾರ ನೋಡುತ್ತಾರೆ. ಹೋಗಿ ಬರುವುದೇ 100 ಕಿಲೋಮೀಟರ್ ಹತ್ತಿರ ಆಯಿತು. ಹೈವೇಯಲ್ಲಿ ಎಲ್ಲಿಯಾದರೂ ಸಿಕ್ಕಿಬಿದ್ದರೆ ಹಡಗು ತಪ್ಪುತ್ತದಲ್ಲ, ಆ ಹೆದರಿಕೆ. ಹಾಗಾಗಿ ಹಡಗಿನವರನ್ನು ನಂಬಿ ಕಾಪುವಿನಲ್ಲಿ ಕೋಣೆ ಕಟ್ಟಬೇಡಿ.

ರಥಬೀದಿ ರಿಸೆಪ್ಷನ್:

ಟ್ಯಾಕ್ಸಿಯಣ್ಣ ಹೇಳಿದ್ದು ಸರಿ. ಅಲ್ಲಿಂದಲೇ ಶುರು ಮಾಡುತ್ತೇನೆ.

ನಾನು ಉಡುಪಿ ರಥಬೀದಿ ಹತ್ತಿರದ ಒಂದು ಲಾಡ್ಜಿನಲ್ಲಿ ತುಂಬಾ ವರ್ಷ ರಿಸೆಪ್ಷನ್‌ನಲ್ಲಿ ಕೂತವಳು. ನೀವು ನೋಡುವ ಆ ದೊಡ್ಡ ಪಟ್ಟಿ ಹುಟ್ಟುವುದು ನಮ್ಮಂಥವರ ಟೇಬಲ್ ಮೇಲೆ. ತಿಂಗಳ ಕೊನೆಗೆ ಇಲ್ಲಿಯವರು ಇಷ್ಟು, ಹೊರದೇಶದವರು ಇಷ್ಟು ಅಂತ ಬರೆದು ಕಳಿಸುವುದು. ಹೀಗೆ ಜಿಲ್ಲೆಯಿಂದ ರಾಜ್ಯಕ್ಕೆ, ರಾಜ್ಯದಿಂದ ದೆಹಲಿಗೆ. ಹಡಗಿನಿಂದ ಇಳಿದು ಸಂಜೆ ವಾಪಸ್ ಹತ್ತಿದವರು ಯಾವ ಲಾಡ್ಜಿನ ಪುಸ್ತಕದಲ್ಲೂ ಸಿಗುವುದಿಲ್ಲ. ಮಂಗಳೂರು ನೋಡಿದ್ದು ನಿಜ, ಹಾಸಿಗೆಯ ಲೆಕ್ಕದಲ್ಲಿ ಅವರು ಇಲ್ಲ.

ಫಾರಿನ್‌ನವರದು ಎರಡು ಲೆಕ್ಕ ಉಂಟು. ಒಂದು, ಏರ್‌ಪೋರ್ಟಿನಲ್ಲೋ ಬಂದರಿನಲ್ಲೋ ಗಡಿಯಲ್ಲೋ ಪಾಸ್‌ಪೋರ್ಟಿಗೆ ಮುದ್ರೆ ಬೀಳುವಾಗ ಆಗುವ ಎಣಿಕೆ. 2019ರಲ್ಲಿ ಇದು ದೇಶಕ್ಕೆ 1.09 ಕೋಟಿ. ಇನ್ನೊಂದು ರಾಜ್ಯಗಳು ಕೊಡುವ ಲೆಕ್ಕ, ಅದು ಅದೇ ವರ್ಷ 3 ಕೋಟಿ ದಾಟಿತ್ತು. ಎರಡೂ ಸುಳ್ಳಲ್ಲ. ಮುಂಬೈಯಲ್ಲಿ ಇಳಿದ ಒಬ್ಬ ಜರ್ಮನಿಯವನು ಗೋವಾ, ಹಂಪಿ, ಕೊಚ್ಚಿ ಮುಗಿಸಿ ಹೋದ ಅಂತ ಇಟ್ಟುಕೊಳ್ಳಿ. ಮುದ್ರೆಯ ಲೆಕ್ಕದಲ್ಲಿ ಅವನು ಒಬ್ಬ. ರಾಜ್ಯಗಳ ಪಟ್ಟಿಯಲ್ಲಿ ಮಹಾರಾಷ್ಟ್ರಕ್ಕೆ ಒಬ್ಬ, ಗೋವಾಕ್ಕೆ ಒಬ್ಬ, ಕರ್ನಾಟಕಕ್ಕೆ ಒಬ್ಬ, ಕೇರಳಕ್ಕೂ ಒಬ್ಬ. ಆದ್ದರಿಂದ ನಿಮ್ಮ ಭಾವ ಗೋವಾದ 9 ಲಕ್ಷಕ್ಕೆ ಕೇರಳದ 12 ಲಕ್ಷ ಕೂಡಿಸಿ 21 ಲಕ್ಷ ಜನ ನಮ್ಮ ಅಕ್ಕಪಕ್ಕ ಓಡಾಡಿದರು ಅಂದರೆ ಒಪ್ಪಬೇಡಿ. ಅದರಲ್ಲಿ ಅದೇ ಮುಖಗಳು ಎಷ್ಟೋ.

ಈಗ ನಮ್ಮ ದೇಶದವರ ಲೆಕ್ಕ. ಇದರಲ್ಲಿ ಗೊಂದಲ ಇನ್ನೂ ಜಾಸ್ತಿ. ದಾವಣಗೆರೆಯಿಂದ ಉಡುಪಿಗೆ ಬರುವವರಿಗೆ ಪಾಸ್‌ಪೋರ್ಟ್ ಬೇಡ, ಗೇಟ್ ಇಲ್ಲ, ಮುದ್ರೆ ಇಲ್ಲ. ಎಲ್ಲಿ ಎಣಿಸಲು ಆಗುತ್ತದೋ ಅಲ್ಲಿ ಎಣಿಸುತ್ತಾರೆ. ಲಾಡ್ಜ್ ಇದ್ದಲ್ಲಿ ಲಾಡ್ಜ್, ದೇವಸ್ಥಾನ ಇದ್ದಲ್ಲಿ ದೇವಸ್ಥಾನದ ಜನ. 2019ರಲ್ಲಿ ಇಡೀ ದೇಶದಲ್ಲಿ ಇಂಥ ಭೇಟಿಗಳು 232 ಕೋಟಿ, ಅಂದರೆ ದೇಶದ ಜನಸಂಖ್ಯೆಗಿಂತಲೂ ಜಾಸ್ತಿ. ಉತ್ತರ ಪ್ರದೇಶ ನೋಡಿ. 2018ರಲ್ಲಿ 28 ಕೋಟಿ ಚಿಲ್ಲರೆ, ಮರುವರ್ಷ 53 ಕೋಟಿ ಚಿಲ್ಲರೆ. ಒಂದೇ ವರ್ಷದಲ್ಲಿ ಅಷ್ಟು ಹೋಟೆಲುಗಳು ಎದ್ದವಾ? ಇಲ್ಲ. 2019ರ ಮೊದಲ ತಿಂಗಳುಗಳಲ್ಲಿ ಪ್ರಯಾಗದಲ್ಲಿ ಕುಂಭಮೇಳ ಇತ್ತು. ನದಿಗಿಳಿದು ಮಿಂದು ಹೋದವರೆಲ್ಲ ಪ್ರವಾಸಿಗಳಾದರು.

ಕೇರಳದವರ ಲೆಕ್ಕ ಮುಖ್ಯವಾಗಿ ಹೋಟೆಲು, ಲಾಡ್ಜು, ಹೋಂಸ್ಟೇಗಳಲ್ಲಿ ಉಳಿದವರದು. ಹಾಗಾಗಿ ಅವರದು 1.84 ಕೋಟಿಗೆ ನಿಂತಿತು. ನಮ್ಮಲ್ಲಿ ಧರ್ಮಸ್ಥಳ, ಸುಬ್ರಹ್ಮಣ್ಯ, ಶೃಂಗೇರಿ, ಚಾಮುಂಡಿಬೆಟ್ಟ ಅಂತ ಜನಸಾಗರವೇ ಸೇರಿ ಹೋಗುತ್ತದೆ. ಕೇರಳಕ್ಕಿಂತ ಹನ್ನೆರಡು ಪಟ್ಟು ಜನ ಕರ್ನಾಟಕಕ್ಕೆ ಪ್ರವಾಸ ಬರುತ್ತಾರೆ ಅಂತ ಮುನ್ನಾರ್, ಆಲಪ್ಪುಳ ಕಂಡ ಯಾರೂ ನಂಬುವುದಿಲ್ಲ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಡಲೇಬಾರದು.

ನಮ್ಮ ಕಣ್ಣಮುಂದೆಯೇ ಇದರ ಉದಾಹರಣೆ ಉಂಟು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಹಾವೇರಿ, ಗದಗ ಕಡೆಯಿಂದ ಅಕ್ಕ ತಂಗಿ ಅತ್ತೆ ಎಲ್ಲ ಸೇರಿ ಗುಂಪಾಗಿ ಹೊರಟರು. ಎಷ್ಟೋ ಹೆಂಗಸರು ಸಮುದ್ರವನ್ನು ಮೊದಲ ಸಲ ನೋಡಿದ್ದು ಆಗ. ಮಲ್ಪೆಯಲ್ಲಿ ಸೀರೆ ಮೊಣಕಾಲಿಗೆ ಎತ್ತಿ ಹಿಡಿದು, ತೆರೆ ಬಂದಾಗ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಕೂಗುತ್ತಿದ್ದದ್ದು ನೋಡಿ ನನಗೆ ಕಣ್ಣು ತುಂಬಿತ್ತು. ಆದರೆ ಅವರು ಬೆಳಿಗ್ಗೆ ದರ್ಶನ ಮಾಡಿ, ಮಠದಲ್ಲಿ ಊಟ ಮಾಡಿ, ರಾತ್ರಿ ಬಸ್ಸಿಗೆ ಹೊರಡುವವರು. ದೇವಸ್ಥಾನದ ಲೆಕ್ಕ ಏರಿತು. ನಮ್ಮ ಕೋಣೆಗಳು ಅದೇ ಪ್ರಮಾಣದಲ್ಲಿ ತುಂಬಲಿಲ್ಲ. ಪೇಪರಿನಲ್ಲಿ ಬಂದ ಜಿಲ್ಲೆಯ ಅಂಕಿ ನೋಡಿ ಕೋಣೆ ಕಟ್ಟುವವರು ಇದನ್ನು ಯೋಚಿಸಲೇಬೇಕು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಗೋವಾಕ್ಕೂ ಕೇರಳಕ್ಕೂ ಹೋಗುವವರು ನಡುವೆ ಯಾಕೆ ಇಳಿಯುವುದಿಲ್ಲ?

ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಅವರ ವಿವರ ಸರ್ಕಾರಕ್ಕೆ ಕೊಡುವ ಸಿ ಫಾರಂ (2025ರಿಂದ ಅದರ ಹೆಸರು ಫಾರಂ 3) ತುಂಬಬೇಕು. ಪಾಸ್‌ಪೋರ್ಟ್ ನಂಬರ್, ವೀಸಾ ನಂಬರ್ ಜೊತೆಗೆ ಎಲ್ಲಿಂದ ಬಂದಿರಿ, ಮುಂದೆ ಎಲ್ಲಿಗೆ ಅಂತಲೂ ಕೇಳುತ್ತದೆ. ನನಗೆ ಆ ಎರಡು ಕಾಲಂ ಓದುವುದು ಅಭ್ಯಾಸವಾಗಿಬಿಟ್ಟಿತ್ತು. ಎಲ್ಲಿಂದ: ಗೋಕರ್ಣ, ಗೋವಾ, ಹಂಪಿ. ಎಲ್ಲಿಗೆ: ಮೈಸೂರು, ಕೊಚ್ಚಿ, ವರ್ಕಲ. ಹೆಚ್ಚಿನವರದು ಒಂದೇ ರಾತ್ರಿ. ಸಂಜೆ ರಥಬೀದಿಯಲ್ಲಿ ಒಂದು ಸುತ್ತು, ಮಾರನೇ ದಿನ ಮಸಾಲೆ ದೋಸೆ, ಆಮೇಲೆ ರೈಲು. ಅವರು ಮೊದಲೇ ದಾರಿ ಗುರುತು ಹಾಕಿಕೊಂಡು ಬರುವವರು. ಉತ್ತರದಲ್ಲಿ ದೆಹಲಿ, ಆಗ್ರಾ, ಜೈಪುರ. ತಮಿಳುನಾಡಿನಲ್ಲಿ ಚೆನ್ನೈ, ಮಹಾಬಲಿಪುರ, ಪುದುಚೇರಿ, ಮಧುರೈ. ನಮ್ಮ ರಾಜ್ಯದಲ್ಲಿ ಬೆಂಗಳೂರು, ಮೈಸೂರು, ಹಂಪಿ. 2019ರಲ್ಲಿ ಕರ್ನಾಟಕಕ್ಕೆ ಬಂದ ವಿದೇಶಿಯರು ಸುಮಾರು 6 ಲಕ್ಷ, ಅವರಲ್ಲಿ ಹೆಚ್ಚಿನವರು ಆ ದಾರಿಯಲ್ಲೇ ಮಲಗಿದವರು. ಕೊಂಕಣ ರೈಲು 1998ರಲ್ಲಿ ಪೂರ್ತಿ ಆದ ಮೇಲೆ ಗೋವಾದಿಂದ ಕೊಚ್ಚಿಗೆ ನೇರ ಹೋಗುವುದು ಸುಲಭವಾಯಿತು. ಕಿಟಕಿಯಲ್ಲಿ ನಮ್ಮ ಹೊಳೆಗಳನ್ನು ನೋಡುತ್ತ ದಾಟಿಹೋಗುತ್ತಾರೆ.

ಗೋವಾಕ್ಕೆ ಯುರೋಪು, ರಷ್ಯಾದಿಂದ ಚಾರ್ಟರ್ ವಿಮಾನ ಬರುವುದಕ್ಕೆ ದಶಕಗಳ ಹಿನ್ನೆಲೆ ಉಂಟು. ಮಂಗಳೂರಿಗೆ ಹೊರದೇಶದ ವಿಮಾನ ಅಂದರೆ ಗಲ್ಫ್. ನಮ್ಮ ಕಡಲತೀರಗಳು ಮೀನುಗಾರರ ಕಡಲತೀರಗಳು. ಬಲೆ ಒಣಗುತ್ತದೆ, ದೋಣಿ ಎಳೆಯುತ್ತಾರೆ, ಸಂಜೆ ಮಕ್ಕಳು ವಾಲಿಬಾಲ್ ಆಡುತ್ತಾರೆ. ಬಿಕಿನಿ ಹಾಕಿ ಹಗಲೆಲ್ಲ ಮಲಗುವವರಿಗೆ ಇಲ್ಲಿ ನೆಮ್ಮದಿ ಇಲ್ಲ, ಅವರಿದ್ದರೆ ಊರಿನವರಿಗೂ ಇಲ್ಲ. ಇದು ನಮ್ಮ ಕೊರತೆ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಇನ್ನೊಂದು. ಗೋವಾದಲ್ಲೇ 2023ರಲ್ಲಿ ವಿದೇಶಿಯರು ನಾಲ್ಕೂವರೆ ಲಕ್ಷದ ಆಸುಪಾಸು ಮಾತ್ರ, 2019ರ ಅರ್ಧ. ಅದೇ ವರ್ಷ ಅಲ್ಲಿಗೆ ಬಂದ ನಮ್ಮ ದೇಶದವರು 80 ಲಕ್ಷ ದಾಟಿದ್ದಾರೆ, ಕೊರೋನಾಕ್ಕೆ ಮುಂಚೆ 71 ಲಕ್ಷ ಇತ್ತು. ಗೋವಾವೇ ಈಗ ನಮ್ಮವರ ಮೇಲೆ ನಿಂತಿದೆ. ನೀವು ಗೋವಾದ ಹಳೇ ಲೆಕ್ಕ ಇಟ್ಟುಕೊಂಡು ಸಾಲ ಮಾಡುವುದಾ?

ಬಜಪೆ ದುಬೈ ಬಜಪೆ:

ರಿಸೆಪ್ಷನ್ ಅಕ್ಕ ಗಲ್ಫ್ ಅಂದದ್ದಕ್ಕೆ ಒಂದು ಮಾತು ಸೇರಿಸುತ್ತೇನೆ.

ಬಜಪೆ ವಿಮಾನ ನಿಲ್ದಾಣದಲ್ಲಿ ದುಬೈ, ಅಬುಧಾಬಿ, ದಮಾಮ್ ವಿಮಾನ ಇಳಿದಾಗ ನೂಕುನುಗ್ಗಲು ನೋಡಿದರೆ ಊರು ತುಂಬ ಫಾರಿನ್‌ನವರು ಅನ್ನಬೇಕು. ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿ ಭಾರತದ ಪಾಸ್‌ಪೋರ್ಟೇ. ನಾವು ವಿದೇಶಿ ಪ್ರವಾಸಿಗಳ ಲೆಕ್ಕಕ್ಕೆ ಬರುವುದಿಲ್ಲ. ಅನಿವಾಸಿಗಳ ಎಣಿಕೆ ಬೇರೆ ಉಂಟು, 2019ರಲ್ಲಿ ದೇಶಕ್ಕೆ ಬಂದ ನಮ್ಮಂಥವರು 70 ಲಕ್ಷದ ಹತ್ತಿರ. ನನ್ನ ಚಿಕ್ಕಪ್ಪನ ಮಗಳು ಕೆನಡಾದ ಪೌರತ್ವ ತೆಗೆದುಕೊಂಡಿದ್ದಾಳೆ. ಶಿರ್ವದಲ್ಲಿ ಒಂದೇ ಮದುವೆಗೆ ಇಬ್ಬರೂ ಬಂದೆವು. ಅವಳು ವಿದೇಶಿ ಪ್ರವಾಸಿ, ನಾನು ಅಲ್ಲ. ತಿಂದದ್ದು ಒಂದೇ ಸನ್ನಾ (ಇಡ್ಲಿಯಂಥ ತಿಂಡಿ), ಒಂದೇ ಹಂದಿ ಮಾಂಸದ ಸಾರು.

ಕಾಪುವಿನ ಅಣ್ಣನಿಗೆ ಉಪಯೋಗ ಆಗುವುದು ಇಲ್ಲಿ. ಕ್ರಿಸ್‌ಮಸ್ ಕಳೆದ ಮೇಲೆ ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲ ಶುರುವಾಗುವ ತನಕ ನಮ್ಮ ಕ್ರೈಸ್ತರ ಮನೆಗಳಲ್ಲಿ ಮದುವೆಗಳ ಸಾಲು. ಮದುವೆಗೆ ಮುಂಚೆ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರಕ್ಕೆ ಒಂದು ದಿನ, ಮದುವೆಗೆ ಒಂದು ದಿನ. ಮನೆಯಲ್ಲಿ ಜಾಗ ಸಾಲುವುದಿಲ್ಲ. ಮುಂಬೈ, ಲಂಡನ್, ಮೆಲ್ಬರ್ನ್‌ನಿಂದ ಬಂದವರನ್ನು ಎಲ್ಲಿ ಮಲಗಿಸುವುದು ಅಂತ ತಲೆಬಿಸಿ. ಶುಚಿಯಾದ ಮೂರು ಕೋಣೆ ಒಟ್ಟಿಗೆ ಸಿಕ್ಕಿದರೆ ಮೂರು ನಾಲ್ಕು ರಾತ್ರಿ ಖಂಡಿತ ತೆಗೆದುಕೊಳ್ಳುತ್ತಾರೆ. ಗಲ್ಫ್‌ನವರು ಮಾತ್ರ ಅಲ್ಲಿನ ಶಾಲೆಗಳ ರಜೆಯಲ್ಲಿ, ಜುಲೈ, ಆಗಸ್ಟಿನ ಜೋರು ಮಳೆಗೆ ಬರುತ್ತೇವೆ. ಆಗ ಇಲ್ಲಿ ಕೋಣೆಗಳು ಹೇಗೂ ಖಾಲಿ ಅಲ್ವಾ.

ಮೂಲ್ಕಿ ತೆರೆ:

ಮೂಲ್ಕಿ, ಸಸಿಹಿತ್ಲು ಕಡೆ ಸರ್ಫಿಂಗ್ ಕಲಿಯಲು ವಿದೇಶಿಯರು ಬರುತ್ತಾರೆ, ಒಂದು ವಾರ ಇರುವವರೂ ಇದ್ದಾರೆ. ಆದರೆ ಈಗ ಬೋರ್ಡ್ ಹಿಡಿದು ನಿಂತವರನ್ನು ನೋಡಿ. ಬೆಂಗಳೂರಿನ ಕಂಪನಿಗಳ ಹುಡುಗ ಹುಡುಗಿಯರೇ ಜಾಸ್ತಿ. ಅವರಿಗೆ ಬೆಳಿಗ್ಗೆ ಆರಕ್ಕೆ ಚಹಾ ಬೇಕು, ಒದ್ದೆ ಬಟ್ಟೆ ಹಾಕಲು ಹಗ್ಗ ಬೇಕು, ಮರಳು ತೊಳೆದುಕೊಳ್ಳಲು ಹೊರಗೊಂದು ನಲ್ಲಿ ಬೇಕು. ಈಜುಕೊಳ ಯಾರೂ ಕೇಳುವುದಿಲ್ಲ.

ಕಾಪು ಹೋಂಸ್ಟೇ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾವನಿಗೂ ಓದಲು ಕಳಿಸಿದ್ದೇನೆ. ಅವನ ಉತ್ತರ ಹೀಗೆ: 'ಸರಿ, ರಾಜ್ಯದ ಪಟ್ಟಿ ಬೇಡ. ಆದರೂ ಪಟ್ಟಿಯಲ್ಲಿ ತಮಿಳುನಾಡು, ಗುಜರಾತ್, ಪಶ್ಚಿಮ ಬಂಗಾಳ ಎಲ್ಲ ಮೇಲೆ ಉಂಟಲ್ಲ. ಅಲ್ಲಿಗೆ ಹೋಗುವವರನ್ನು ಎಳೆಯಲು ಆಗುವುದಿಲ್ಲವಾ?'

ಇನ್ನೊಂದು ನನ್ನದೇ ಪ್ರಶ್ನೆ. ಅಕ್ಕ, ಹಾಗಾದರೆ ವಿದೇಶಿಯರನ್ನು ಪೂರ್ತಿ ಬಿಟ್ಟೇಬಿಡಬೇಕಾ?

ರಥಬೀದಿ ರಿಸೆಪ್ಷನ್:

ನಿಮ್ಮ ಭಾವನಿಗೆ ಹೇಳಿ, ಅವರೆಲ್ಲ ಬೇರೆ ಬೇರೆ ಕಾರಣಕ್ಕೆ ಬರುವವರು. 2019ರಲ್ಲಿ ಭಾರತಕ್ಕೆ ಅತಿ ಹೆಚ್ಚು ಜನ ಬಂದದ್ದು ಬಾಂಗ್ಲಾದೇಶದಿಂದ, 25 ಲಕ್ಷಕ್ಕೂ ಹೆಚ್ಚು. ಕೋಲ್ಕತ್ತಾಕ್ಕೆ ಆಸ್ಪತ್ರೆಗೆ, ಬಟ್ಟೆ ವ್ಯಾಪಾರಕ್ಕೆ, ನೆಂಟರ ಮನೆಗೆ ನೆಲದ ಗಡಿಯಿಂದಲೇ ದಾಟುತ್ತಿದ್ದರು. ಬಂಗಾಳ ಮೇಲಿದ್ದದ್ದಕ್ಕೆ ಅದು ದೊಡ್ಡ ಕಾರಣ. ಗುಜರಾತ್ 2022ರಲ್ಲಿ ವಿದೇಶಿಯರ ಪಟ್ಟಿಯಲ್ಲಿ ಮೊದಲು ಬಂತು, ಸುಮಾರು 17.8 ಲಕ್ಷ. ನನಗೆ ಅನ್ನಿಸುವುದು, ಅದರಲ್ಲಿ ದೊಡ್ಡ ಪಾಲು ಅಮೆರಿಕ, ಇಂಗ್ಲೆಂಡಿನ ಪಾಸ್‌ಪೋರ್ಟ್ ಇರುವ ಗುಜರಾತಿಗಳೇ, ಊರಿಗೆ ಬಂದವರು. ಶಿರ್ವದ ಮದುವೆಗೆ ಬಂದ ಕೆನಡಾದ ಹುಡುಗಿಯ ಹಾಗೆ. ಇವರನ್ನೆಲ್ಲ ಈಜುಕೊಳ ತೋರಿಸಿ ಕಾಪುವಿಗೆ ತರಲು ಆಗುವುದಿಲ್ಲ.

ವಿದೇಶಿಯರನ್ನು ಬಿಡಬೇಕು ಅಂತ ನಾನು ಹೇಳುವುದಿಲ್ಲ. ಯಾರು ನಿಲ್ಲುತ್ತಾರೆ ಅಂತ ನೋಡಿ ಅವರಿಗೆ ತಯಾರಾಗಿ ಅನ್ನುತ್ತೇನೆ. ನಮ್ಮ ಲಾಡ್ಜಿನಲ್ಲಿ ಒಂದು ರಾತ್ರಿಗಿಂತ ಜಾಸ್ತಿ ಇದ್ದ ವಿದೇಶಿಯರು ಯಾರು ಅಂದರೆ ಮಣಿಪಾಲದ ಸಂಬಂಧದವರು. ಮಗನನ್ನೋ ಮಗಳನ್ನೋ ಸೇರಿಸಲು ಬಂದ ತಂದೆ ತಾಯಿ, ನವೆಂಬರ್‌ನ ಘಟಿಕೋತ್ಸವಕ್ಕೆ ಬಂದ ಅಜ್ಜ ಅಜ್ಜಿ, ಪಾಠ ಮಾಡಲು ಬಂದ ಪ್ರೊಫೆಸರ್‌ಗಳು. ಮಲೇಷ್ಯಾದಿಂದ ಬಂದ ಒಬ್ಬ ತಾಯಿಯನ್ನು ಮರೆಯಲು ಆಗುವುದಿಲ್ಲ. ಮಗಳನ್ನು ಹಾಸ್ಟೆಲಿಗೆ ಬಿಟ್ಟು ಬಂದು ರಿಸೆಪ್ಷನ್ ಎದುರಿನ ಕುರ್ಚಿಯಲ್ಲಿ ಸುಮ್ನೆ ಕೂತಿದ್ದರು. ಎರಡು ದಿನಕ್ಕೆ ಬಂದವರು, ಇನ್ನೂ ಸ್ವಲ್ಪ ದಿನ ಇರುತ್ತೇನೆ ಅಂದರು. ಅವರಿಗೆ ಬೇಕಾದದ್ದು ಮನೆ ಊಟ, ಮಾತಾಡಲು ಒಬ್ಬರು. ನಮ್ಮ ಲಾಡ್ಜಿನಲ್ಲಿ ಎರಡೂ ಇರಲಿಲ್ಲ. ನಿಮ್ಮ ಮನೆಯಲ್ಲಿ ಎರಡೂ ಉಂಟು. ಕಾಪುವಿನಿಂದ ಮಣಿಪಾಲಕ್ಕೆ ಕಾರಿನಲ್ಲಿ ಎಷ್ಟು ಹೊತ್ತು? ಅವರೆಲ್ಲ ವಾರದ ನಡುವೆಯೂ ಇರುವವರು, ನಿಮ್ಮ ಬೆಂಗಳೂರಿನವರು ಬಾರದ ದಿನಗಳು.

ಹೆಂಡತಿ ಹೇಳುವುದು ಸರಿ ಅಂತ ನನ್ನ ಅಭಿಪ್ರಾಯ. ಅಡುಗೆಮನೆ ದೊಡ್ಡದು ಮಾಡಿ. ನೀರ್ ದೋಸೆ, ಬಂಗುಡೆ ಪುಳಿಮುಂಚಿ ಬೆಂಗಳೂರಿನವರಿಗೂ ಆಗುತ್ತದೆ, ಮೆಲ್ಬರ್ನ್‌ನವರಿಗೂ ಆಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಸುರಿಯುವ ಮಳೆಯಲ್ಲಿ ಈಜುಕೊಳಕ್ಕೆ ಯಾರು ಇಳಿಯುತ್ತಾರೆ? ಸೈಂಟ್ ಮೇರೀಸ್ ದ್ವೀಪದ ದೋಣಿಯೇ ಆಗ ನಿಂತಿರುತ್ತದೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಸಾಲಕ್ಕೆ ಮೊದಲು ಒಂದು ಕೆಲಸ ಮಾಡಿ. ನಿಮ್ಮದೇ ರಿಜಿಸ್ಟರ್ ತೆಗೆದು, ಪ್ರತಿ ಹೆಸರಿನ ಎದುರು ಎಲ್ಲಿಂದ ಬಂದರು, ಮುಂದೆ ಎಲ್ಲಿಗೆ ಹೋದರು, ಎಷ್ಟು ರಾತ್ರಿ, ಯಾಕೆ ಬಂದರು ಅಂತ ಬರೆಯಿರಿ. ಗೊತ್ತಿಲ್ಲದಿದ್ದರೆ ಫೋನ್ ಮಾಡಿ ಕೇಳಿ, ಬೇಸರ ಮಾಡಿಕೊಳ್ಳುವುದಿಲ್ಲ. ತಿಂಗಳ ಪ್ರಕಾರ ಜೋಡಿಸಿ. ದಸರಾ, ಡಿಸೆಂಬರ್ ಕೊನೆ, ಏಪ್ರಿಲ್ ಮೇ ಹೇಗೂ ತುಂಬುತ್ತದೆ. ಎರಡು ವರ್ಷಕ್ಕೊಮ್ಮೆ ಕೃಷ್ಣ ಮಠದ ಪೂಜೆಯ ಹೊಣೆ ಕೈ ಬದಲಾಗುವ ಜನವರಿ 18ರ ಪರ್ಯಾಯಕ್ಕೆ ಉಡುಪಿಯಲ್ಲಿ ಕೋಣೆ ಸಿಗದವರು ನಿಮ್ಮ ತನಕ ಬರುತ್ತಾರೆ. ವಿಜಯದಶಮಿಗೆ ಮಕ್ಕಳಿಗೆ ಅಕ್ಷರ ಬರೆಸಲು ಕೊಲ್ಲೂರಿಗೆ ಹೋಗುವ ಕೇರಳದವರೂ ದಾರಿಯಲ್ಲಿ ಒಂದು ರಾತ್ರಿ ನಿಲ್ಲುತ್ತಾರೆ. ಖಾಲಿ ಇರುವ ತಿಂಗಳು ಯಾವುದು, ಆ ತಿಂಗಳು ಈ ಕಡೆ ಯಾರಿಗೆ ಕೋಣೆ ಬೇಕು, ಅದನ್ನು ಹುಡುಕಿ.

ಕೊನೆಗೆ ಒಂದು. ವಿದೇಶಿ ಪಾಸ್‌ಪೋರ್ಟ್ ಇರುವವರು ಒಂದೇ ರಾತ್ರಿ ಇದ್ದರೂ, ನಿಮ್ಮ ನೆಂಟರೇ ಆಗಿದ್ದರೂ, ಮೊದಲು ಸಿ ಫಾರಂ ಅನ್ನುತ್ತಿದ್ದ ಆ ಫಾರಂ 3 ಹಾಕಲೇಬೇಕು. ಈಗ ಎಲ್ಲ ಆನ್‌ಲೈನ್. ಮೊದಲು ನಿಮ್ಮ ಹೋಂಸ್ಟೇ ಹೆಸರಿನಲ್ಲಿ ನೋಂದಣಿ ಮಾಡಿಸಿ, ಲಾಗಿನ್ ಬಂದ ಮೇಲೆ ಬುಕಿಂಗ್ ತೆಗೆದುಕೊಳ್ಳಿ. ಪಾಸ್‌ಪೋರ್ಟ್ ಮತ್ತು ವೀಸಾ ಪುಟದ ಫೋಟೋ ಅವರು ಬಂದ ಕೂಡಲೇ ತೆಗೆದಿಟ್ಟುಕೊಳ್ಳಿ. ಬೆಳಿಗ್ಗೆ ಐದರ ರೈಲಿಗೆ ಹೊರಟವರನ್ನು ಎಬ್ಬಿಸಿ ಕೇಳಲು ಆಗುವುದಿಲ್ಲ.